ತಿರುಗದ ಕೀಲಿಕೈ

ಬೀಗವನ್ನು ತೆರೆಯುವ ಸಣ್ಣ ಲೋಹದ ತುಂಡಿಗೆ ನಮ್ಮ ಹಿರಿಯರು 'ಕೈ' ಎಂದು ಹೆಸರಿಟ್ಟರು. ಮೈಸೂರಿನ ಕಡೆಯವರಿಗೆ ಅದು ಬೀಗದ ಕೈ, ಧಾರವಾಡದ ಕಡೆಯವರಾದ ನಮಗೆ ಕೀಲಿಕೈ. ಚಾವಿ ಎಂಬ ಮಾತೂ ನಮ್ಮಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ. ಅದು ಪೋರ್ಚುಗೀಸ್ ಭಾಷೆಯಿಂದ ಬಂದುದು. ಹಿಂದಿನ ಕಾಲದಲ್ಲಿ ಮನೆಯ ಹಿರಿಯ ಹೆಣ್ಣುಮಗಳ ಸೊಂಟದಲ್ಲಿ ಕೀಲಿಕೈಗಳ ಗೊಂಚಲು ಇರುತ್ತಿತ್ತು. ಅತ್ತೆಯಾದವಳು ಆ ಗೊಂಚಲನ್ನು ಬಿಚ್ಚಿ ಸೊಸೆಯ ಕೈಗೆ ಕೊಟ್ಟಳೆಂದರೆ ಸಂಸಾರವನ್ನೇ ಒಪ್ಪಿಸಿಕೊಟ್ಟಂತೆ. ಉಗ್ರಾಣದ್ದು, ತಿಜೋರಿಯದ್ದು, ಸಂದೂಕದ್ದು ಎಂದು ಒಂದೊಂದನ್ನೂ ಬೆರಳಿನಿಂದ ತಡವಿ ಗುರುತಿಸುತ್ತಿದ್ದ ಆ ತಾಯಂದಿರಿಗೆ ಯಾವ ಕೀಲಿ ಹೇಗೆ ಮುನಿಯುತ್ತದೆ, ಯಾವುದನ್ನು ಸ್ವಲ್ಪ ಎತ್ತಿ ತಿರುಗಿಸಬೇಕು ಎಂಬುದು ಚೆನ್ನಾಗಿ ಗೊತ್ತಿರುತ್ತಿತ್ತು.

ಇಂದು ಮನೆಯ ಗೋಡೆಯ ಮೊಳೆಗೆ ತೂಗುಬಿದ್ದಿರುವ ಕೀಲಿಕೈಗಳಲ್ಲಿ ನಾವು ಹೆಚ್ಚು ನಂಬಿರುವುದು ಕಾರಿನದನ್ನು. ಅದರ ಸ್ವಭಾವವೇ ನಮಗೆ ಎಲ್ಲಕ್ಕಿಂತ ಕಡಿಮೆ ತಿಳಿದಿರುವುದು. ಸಂದೂಕದ ಕೀಲಿ ಕೆಟ್ಟರೆ ಬಡಗಿಯನ್ನು ಕರೆಸಿ ಒಡೆಯಿಸಬಹುದು, ಅವಸರವೇನಿಲ್ಲ. ಕಾರಿನ ಕೀಲಿ ತಿರುಗದಿದ್ದರೆ ಮಾತ್ರ ಇಡೀ ಮನೆಯೇ ಅಂಗಳದಲ್ಲಿ ನಿಲ್ಲಬೇಕಾಗುತ್ತದೆ.

ಮೋಟಾರು ಗಾಡಿಗೆ ಕೀಲಿಯ ಮಹತ್ವ ಮೊದಲಿನಿಂದ ಇದ್ದುದಲ್ಲ. ಆರಂಭದ ಗಾಡಿಗಳನ್ನು ಮುಂಭಾಗದಲ್ಲಿ ಹ್ಯಾಂಡಲ್ ಹಾಕಿ ತಿರುವಿ ಚಾಲೂ ಮಾಡುತ್ತಿದ್ದರು. ಆ ಹ್ಯಾಂಡಲ್ ಹಿಂದಕ್ಕೆ ಒದ್ದು ಕೈ ಮುರಿದುಕೊಂಡವರೂ ಇದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಗಾಡಿಯಲ್ಲಿ ಬಂದ ಮೇಲೆ ಆ ಕಷ್ಟ ತಪ್ಪಿತು. ಆದರೂ ಬಹುಕಾಲ ಕೀಲಿಗೆ ಒಂದು ಕೆಲಸ, ಸ್ಟಾರ್ಟರಿಗೆ ಬೇರೊಂದು ಗುಂಡಿ ಎಂಬ ಏರ್ಪಾಡೇ ಇತ್ತು. ಕೀಲಿಕೈಯನ್ನು ತಿರುಗಿಸಿದರೇ ಎಂಜಿನ್ ಚಾಲೂ ಆಗುವ ಪದ್ಧತಿಯನ್ನು ಕ್ರೈಸ್ಲರ್ ಕಂಪನಿ 1949ರಲ್ಲಿ ತಂದಿತು. ಮುಂದೆ ಗಾಡಿಗಳ ಕಳವು ಹೆಚ್ಚಾದಂತೆ, ಕೀಲಿಕೈ ತೆಗೆದ ಮೇಲೆ ಸ್ಟೀರಿಂಗ್ ಕೂಡ ಬಂಧಿತವಾಗುವ ಏರ್ಪಾಡು ಬಂದಿತು. ಕಳ್ಳನನ್ನು ತಡೆಯಲೆಂದು ಮಾಡಿದ ಈ ಏರ್ಪಾಡೇ ಕೆಲವೊಮ್ಮೆ ಗಾಡಿಯ ಒಡೆಯನನ್ನೂ ತಡೆಯುತ್ತದೆ.

2011ನೆಯ ಇಸವಿಯ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಹೀಗೆಯೇ ಆಯಿತು. ಸೊಸೆಗೆ ದಿನಗಳು ತುಂಬಿದ್ದವು. ಎರಡನೆಯ ಹೆರಿಗೆಯಾದುದರಿಂದ ತವರಿಗೆ ಹೋಗದೆ ನಮ್ಮಲ್ಲಿಯೇ ಇದ್ದಳು. ಮೊದಲನೆಯದು ಶಸ್ತ್ರಕ್ರಿಯೆಯಿಂದ ಆದ ಹೆರಿಗೆ. ಆದ್ದರಿಂದ ನೋವು ಕಾಣಿಸಿದೊಡನೆ ತಡಮಾಡದೆ ಕರೆತರಬೇಕೆಂದು ವೈದ್ಯರು ಎಚ್ಚರಿಸಿದ್ದರು. ರಾತ್ರಿ ಎರಡು ಗಂಟೆಯ ಸುಮಾರಿಗೆ ನೋವು ಆರಂಭವಾಯಿತು. ಹೊರಗೆ ಧಾರವಾಡದ ಜಿಟಿಜಿಟಿ ಮಳೆ. ನಮ್ಮ ಓಣಿ ಇಳಿಜಾರಿನದು. ಗಾಡಿ ಉರುಳದಿರಲೆಂದು ಮಗನು ಮುಂದಿನ ಗಾಲಿಯನ್ನು ಅಂಚಿನ ಕಲ್ಲಿಗೆ ತಾಗುವಂತೆ ಹೊರಳಿಸಿ ನಿಲ್ಲಿಸಿದ್ದನು. ಇಳಿಜಾರಿನಲ್ಲಿ ಹಾಗೆ ನಿಲ್ಲಿಸುವುದೇ ಸರಿ. ಸೊಸೆಯನ್ನು ಹಿಂದಿನ ಆಸನದಲ್ಲಿ ಕೂರಿಸಿ, ನನ್ನ ಮನೆಯವರು ಪಕ್ಕದಲ್ಲಿ ಕುಳಿತು, ಮಗನು ಕೀಲಿಕೈ ಹಾಕಿ ತಿರುಗಿಸಿದರೆ ಅದು ಎಳ್ಳಷ್ಟೂ ಮಿಸುಕಲಿಲ್ಲ. ತೆಗೆದು ಒರಸಿ ಮತ್ತೆ ಹಾಕಿದನು. ಎರಡೂ ಕೈಯಿಂದ ಹಿಡಿದು ತಿರುಚಿದನು. ಹಿಂದಿನಿಂದ ಸೊಸೆಯ ನರಳಾಟ ಕೇಳಿದಂತೆಲ್ಲ ಅವನ ಕೈಯ ಬಲ ಹೆಚ್ಚುತ್ತಿತ್ತು. ಕೀಲಿಕೈಯ ಕುತ್ತಿಗೆ ಬಾಗತೊಡಗಿತ್ತು. ನಾನು 108ಕ್ಕೆ ಕರೆ ಮಾಡಲೆಂದು ಫೋನನ್ನು ಕೈಗೆ ತೆಗೆದುಕೊಂಡಿದ್ದೆ.

ಅಷ್ಟರಲ್ಲಿ ಎದುರುಮನೆಯ ದೀಪ ಹತ್ತಿತು. ಆ ಮನೆಯ ಯಜಮಾನರು ಬಸ್ ಚಾಲಕರಾಗಿದ್ದು ನಿವೃತ್ತರಾದವರು, ಎಪ್ಪತ್ತರ ಸಮೀಪದ ವಯಸ್ಸು. ತಲೆಯ ಮೇಲೆ ಟವಲು ಹಾಕಿಕೊಂಡು ಬಂದು ಕಿಟಕಿಯಲ್ಲಿ ಬಾಗಿದರು.

"ತಮ್ಮಾ, ಚಾವಿ ಬಿಡು. ಮೊದ್ಲ ಸ್ಟೇರಿಂಗ್ ಹಿಡಿ. ಅದು ಎತ್ತಲಾಗ ಒಂದೀಟು ಸಡ್ಲ ಬರತೈತಿ ನೋಡು, ಅತ್ತಲಾಗ ಹಗೂರಕ ಒತ್ತಿ ಹಿಡಿ. ಹಿಡಕೊಂಡ ಚಾವಿ ತಿರುವು. ಜೋರ ಮಾಡಬ್ಯಾಡ."

ಮಗನು ಹಾಗೆಯೇ ಮಾಡಿದನು. ಟಕ್ಕೆಂದು ಒಂದು ಸದ್ದಾಯಿತು. ಕೀಲಿಕೈ ಬೆಣ್ಣೆಯಲ್ಲಿ ಹೊಕ್ಕಂತೆ ತಿರುಗಿತು. ಬೆಳಗಿನ ಜಾವ ಮೊಮ್ಮಗಳು ಹುಟ್ಟಿದಳು. ತಾಯಿ ಮಗು ಇಬ್ಬರೂ ಕ್ಷೇಮ. ತೊಟ್ಟಿಲಿನ ದಿನ ಆ ಹಿರಿಯರನ್ನು ನಾವು ಊಟದ ಮೊದಲ ಪಂಕ್ತಿಯಲ್ಲಿ ಕೂರಿಸಿಕೊಂಡೆವು. ಹೋಳಿಗೆ ಬಡಿಸುತ್ತಿದ್ದಾಗ, ಅಂದು ಆದದ್ದೇನೆಂದು ನಾನು ಕೇಳಿದೆ. ಎಲೆಯ ಅಂಚಿನಲ್ಲಿ ಬೆರಳಿನಿಂದ ಗೆರೆ ಎಳೆದೇ ವಿವರಿಸಿದರು.

ಅವರು ತಿಳಿಸಿದುದರ ಸಾರ ಹೀಗಿದೆ. ಕೀಲಿಕೈ ತೆಗೆದು ಸ್ಟೀರಿಂಗನ್ನು ಸ್ವಲ್ಪ ಹೊರಳಿಸಿದಾಗ ಒಳಗಿನಿಂದ ಒಂದು ಉಕ್ಕಿನ ಅಗುಳಿ ಚಿಮ್ಮಿ, ಸ್ಟೀರಿಂಗಿನ ದಂಡದಲ್ಲಿರುವ ಗಾಡಿಯೊಳಗೆ (ಕೊರೆದ ತೋಡಿನೊಳಗೆ) ಕೂತುಕೊಳ್ಳುತ್ತದೆ. ಮನೆಯ ಬಾಗಿಲಿನ ಅಗುಳಿಯ ಹಾಗೆಯೇ. ಗಾಲಿಯು ಕಲ್ಲಿಗೆ ಒತ್ತಿಕೊಂಡಿದ್ದರೆ ಆ ಒತ್ತಡವೆಲ್ಲ ದಂಡದ ಮೂಲಕ ಅಗುಳಿಯ ಒಂದು ಪಕ್ಕದ ಮೇಲೆ ಬೀಳುತ್ತದೆ. ಕೀಲಿಕೈ ಮಾಡಬೇಕಾದ ಮೊದಲ ಕೆಲಸ ಆ ಅಗುಳಿಯನ್ನು ಹಿಂದಕ್ಕೆ ಎಳೆಯುವುದು. ಅದೇ ಬಿಗಿದುಕೊಂಡಿರುವಾಗ ಕೀಲಿ ತಿರುಗುವುದಾದರೂ ಹೇಗೆ? ಗಾಳಿಗೆ ಉಬ್ಬಿದ ಬಾಗಿಲನ್ನು ತಾಯಂದಿರು ಒಂದು ಕೈಯಿಂದ ತನ್ನೆಡೆಗೆ ಎಳೆದು ಹಿಡಿದು, ಇನ್ನೊಂದು ಕೈಯಿಂದ ಅಗುಳಿ ತೆಗೆಯುವುದಿಲ್ಲವೇ, ಇದೂ ಅದೇ. ಹೊಸ ಗಾಡಿಯಲ್ಲಿಯೂ ಆಗುತ್ತದೆ. ಇದು ಕೆಟ್ಟುದರ ಲಕ್ಷಣವಲ್ಲ. ದುರಸ್ತಿಯ ಅಂಗಡಿಗೆ ಹೋಗುವ ಮೊದಲು ಇದನ್ನು ಮಾಡಿ ನೋಡಿದರೆ ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಸ್ಟೀರಿಂಗ್ ಸಡಿಲವಾಗಿದ್ದೂ ಕೀಲಿ ತಿರುಗದಿದ್ದರೆ ದೋಷವನ್ನು ಕೀಲಿಕೈಯಲ್ಲಿ ಅಥವಾ ಅದು ಹೋಗುವ ರಂಧ್ರದಲ್ಲಿ ಹುಡುಕಬೇಕು. ಸಾಮಾನ್ಯವಾಗಿ ಕಾರಿನ ಕೀಲಿಯ ಒಳಗೆ ಒಂದು ಸಣ್ಣ ಉರುಳೆ ಇರುತ್ತದೆ. ಅದರಲ್ಲಿ ತೆಳುವಾದ ಲೋಹದ ಬಿಲ್ಲೆಗಳು ಸಾಲಾಗಿ, ಒಂದೊಂದು ಸ್ಪ್ರಿಂಗಿನ ಮೇಲೆ ನಿಂತಿರುತ್ತವೆ. ಕೀಲಿಕೈ ಇಲ್ಲದಾಗ ಅವು ಹೊರಚಾಚಿ ಉರುಳೆಯನ್ನು ತಡೆಯುತ್ತವೆ. ಸರಿಯಾದ ಕೀಲಿಕೈ ಒಳಹೊಕ್ಕರೆ ಅದರ ಹಲ್ಲುಗಳು ಪ್ರತಿಯೊಂದು ಬಿಲ್ಲೆಯನ್ನೂ ತಕ್ಕ ಎತ್ತರಕ್ಕೆ ತಂದು ನಿಲ್ಲಿಸುತ್ತವೆ, ಉರುಳೆ ಬಿಡುಗಡೆ ಹೊಂದುತ್ತದೆ. ಒಂದೇ ಒಂದು ಬಿಲ್ಲೆ ಕೂದಲೆಳೆಯಷ್ಟು ತಪ್ಪಿ ನಿಂತರೂ ಉರುಳೆ ಒಪ್ಪುವುದಿಲ್ಲ. ಹತ್ತು ಹನ್ನೆರಡು ವರ್ಷ ದಿನವೂ ಬಳಸಿದ ಕೀಲಿಕೈಯ ಹಲ್ಲುಗಳು ಸವೆದು ದುಂಡಗಾಗಿರುತ್ತವೆ. ಮೊದಮೊದಲು ಸ್ವಲ್ಪ ಅಲುಗಾಡಿಸಿದರೆ ತಿರುಗುತ್ತದೆ, ಆಮೇಲೆ ಹೆಚ್ಚು ಅಲುಗಾಡಿಸಬೇಕಾಗುತ್ತದೆ, ಒಂದು ದಿನ ಯಾವುದಕ್ಕೂ ಜಗ್ಗುವುದಿಲ್ಲ. ನಾವು ಅದನ್ನು ಆಕಸ್ಮಿಕ ಎನ್ನುತ್ತೇವೆ. ಅದು ತಿಂಗಳುಗಟ್ಟಲೆ ಸೂಚನೆ ಕೊಡುತ್ತಲೇ ಇದ್ದಿತು.

ಇಲ್ಲಿಯೇ ಕಪಾಟಿನಲ್ಲಿ ಮಲಗಿರುವ ಎರಡನೆಯ ಕೀಲಿಕೈಯ ಬೆಲೆ ತಿಳಿಯುವುದು. ಗಾಡಿ ಕೊಂಡಾಗ ಎರಡು ಕೊಟ್ಟಿರುತ್ತಾರೆ. ಬಳಸದ ಆ ಎರಡನೆಯದನ್ನು ಹಾಕಿ ನೋಡಬೇಕು. ಅದು ಸಲೀಸಾಗಿ ತಿರುಗಿದರೆ ಸವೆದಿರುವುದು ಮೊದಲನೆಯ ಕೀಲಿಕೈ; ಅದೂ ತಿರುಗದಿದ್ದರೆ ದೋಷ ಒಳಗಿನ ಬಿಲ್ಲೆಗಳಲ್ಲಿದೆ. ನಕಲು ಮಾಡಿಸುವಾಗಲೂ ಈ ಬಳಸದ ಕೀಲಿಕೈಯನ್ನೇ ಮಾದರಿಯಾಗಿ ಕೊಡಬೇಕು. ಸವೆದುದನ್ನು ನೋಡಿ ಕೊರೆದರೆ ಹೊಸ ಲೋಹದಲ್ಲಿ ಹಳೆಯ ಸವಕಲೇ ಮೂಡುತ್ತದೆ, ದುಡ್ಡು ದಂಡ. ಅನೇಕ ಗಾಡಿಗಳ ಕೀಲಿಕೈ ಗೊಂಚಲಿನೊಡನೆ ಸಂಖ್ಯೆ ಕೆತ್ತಿದ ಸಣ್ಣ ಬಿಲ್ಲೆಯೊಂದು ಬರುತ್ತದೆ. ಆ ಸಂಖ್ಯೆ ಇದ್ದರೆ ಮೂಲದ ಅಳತೆಗೇ ಕೀಲಿಕೈ ಕೊರೆಯಿಸಬಹುದು. ಮಕ್ಕಳ ಆಟಿಕೆಯ ಡಬ್ಬಿಗೆ ಆ ಬಿಲ್ಲೆ ಸೇರುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅದು ಬೇರೆಯವರ ಕೈಗೆ ಸಿಗಬಾರದ ವಸ್ತು, ಗಾಡಿಯಲ್ಲಿಯೂ ಇಡಬಾರದು; ಒಡವೆಯ ಪೆಟ್ಟಿಗೆಯಲ್ಲಿ ಅದಕ್ಕೊಂದು ಸ್ಥಳವಿರಲಿ.

ಇನ್ನು ಧೂಳಿನ ವಿಚಾರ. ನಮ್ಮ ಸೀಮೆಯ ಕೆಂಪು ಧೂಳು ಹೊಗದ ಸಂದಿಲ್ಲ. ಅದರ ಜೊತೆಗೆ ನಾವೇ ಭಕ್ತಿಯಿಂದ ಸೇರಿಸುವುದೂ ಒಂದಿದೆ. ಮಹಾನವಮಿಯ ಖಂಡೇಪೂಜೆಯಂದು ಗಾಡಿಗೆ ವಿಭೂತಿ ಧರಿಸಿ, ಕುಂಕುಮ ಹಚ್ಚಿ, ಹೂ ಏರಿಸಿ ಪೂಜಿಸುತ್ತೇವೆ. ಸ್ಟೀರಿಂಗಿಗೆ ಹಚ್ಚಿದ ವಿಭೂತಿ, ಒದ್ದೆ ಕುಂಕುಮ ಉದುರಿ ಪಕ್ಕದ ಕೀಲಿಯ ರಂಧ್ರಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಜೀವ ಕೊಡುವ ಸ್ಥಳವೆಂದು ರಂಧ್ರದ ಬಾಯಿಗೇ ಹಚ್ಚುವವರೂ ಉಂಟು. ಪೂಜೆ ಬೇಡವೆಂದು ಹೇಳುತ್ತಿಲ್ಲ. ರಂಧ್ರದ ಮೇಲೆ ಕಾಗದದ ತುಂಡೊಂದನ್ನು ಅಂಟಿಸಿ ಪೂಜೆ ಮಾಡಿದರೆ ಯಾವ ಲೋಪವೂ ಆಗದು.

ಬಿಗಿಯಾದ ಕೀಲಿಗೆ ಕೊಬ್ಬರಿ ಎಣ್ಣೆ ಬಿಡುವುದು ನಮ್ಮ ಮನೆಗಳ ಹಳೆಯ ಔಷಧ. ಬಾಗಿಲಿನ ತಿರುಗಣಿಗೆ ಅದು ನಡೆದೀತು. ಕಾರಿನ ಕೀಲಿಗೆ ಮಾತ್ರ ಸಲ್ಲದು. ಎರಡು ದಿನ ಸುಖವಾಗಿ ತಿರುಗುತ್ತದೆ. ಬಳಿಕ ಆ ಎಣ್ಣೆಯೇ ಧೂಳನ್ನು ಹಿಡಿದು ಅಂಟಾಗಿ, ಬಿಲ್ಲೆಗಳು ಸ್ಪ್ರಿಂಗಿನ ಮೇಲೆ ಏಳಲಾರದೆ ಕೂತುಬಿಡುತ್ತವೆ. ಇದಕ್ಕೆ ಒಣ ಲೇಪವೇ ಬೇಕು. ಗ್ರಾಫೈಟ್ ಪುಡಿ ಅಂಗಡಿಯಲ್ಲಿ ಸಿಗುತ್ತದೆ. ಅದು ದೊರೆಯದಿದ್ದರೆ ಮಕ್ಕಳ ಸೀಸದ ಕಡ್ಡಿಯ ಮೊನೆಯನ್ನು ಕೀಲಿಕೈಯ ಹಲ್ಲಿನ ಮೇಲೆ ಚೆನ್ನಾಗಿ ತಿಕ್ಕಿ, ನಾಲ್ಕಾರು ಸಲ ಒಳಗೆ ಹೊರಗೆ ಆಡಿಸಬೇಕು. ಸೀಸದ ಕಡ್ಡಿ ಎನ್ನುತ್ತೇವಾದರೂ ಅದರಲ್ಲಿ ಸೀಸವಿಲ್ಲ. ಇರುವುದು ಅದೇ ಗ್ರಾಫೈಟ್.

ಇಕ್ಕಳ ಹಿಡಿದು ತಿರುಗಿಸುವುದು, ಸುತ್ತಿಗೆಯಿಂದ ತಟ್ಟುವುದು ಇವುಗಳ ಫಲ ಹೇಳುವ ಅಗತ್ಯವಿಲ್ಲ. ಕೀಲಿಕೈ ಬಹುಮಟ್ಟಿಗೆ ಹಿತ್ತಾಳೆಯಂಥ ಮೃದು ಲೋಹದ್ದು. ಮುರಿದು ಅರ್ಧ ಒಳಗುಳಿದರೆ ನೂರು ರೂಪಾಯಿಯ ಕೆಲಸ ಸಾವಿರಗಳಿಗೆ ಏರುತ್ತದೆ.

ಕೀಲಿಕೈ ತಿರುಗಿಯೂ ಹೊರಬಾರದೆ ಸಿಕ್ಕಿಕೊಳ್ಳುವುದು ಬೇರೆ ಬಗೆಯ ತೊಂದರೆ. ತಾನಾಗಿ ಗೇರ್ ಬದಲಿಸುವ ಗಾಡಿಗಳಲ್ಲಿ ಗೇರಿನ ಹಿಡಿ 'ಪಿ' ಅಕ್ಷರಕ್ಕೆ ಪೂರ್ತಿಯಾಗಿ ಬಂದಿರದಿದ್ದರೆ ಕೀಲಿಕೈಯನ್ನು ಬಿಟ್ಟುಕೊಡದಂತೆ ಏರ್ಪಾಡು ಮಾಡಿರುತ್ತಾರೆ. ಕೆಲವು ಗಾಡಿಗಳಲ್ಲಿ ಬ್ಯಾಟರಿ ಪೂರಾ ಇಳಿದಾಗಲೂ ಹೀಗಾಗುತ್ತದೆ. ಸಾಮಾನ್ಯ ಗಾಡಿಗಳಲ್ಲಿ ಕೀಲಿಕೈ ಕೊನೆಯ ಸ್ಥಾನಕ್ಕೆ ಹಿಂದಿರುಗಿದೆಯೇ ಎಂದು ನೋಡಬೇಕು. ಹಲವು ಗಾಡಿಗಳಲ್ಲಿ ಆ ಕೊನೆಯ ಸ್ಥಾನಕ್ಕೆ ತರಲು ಸ್ವಲ್ಪ ಒಳಕ್ಕೆ ಒತ್ತಿಯೇ ತಿರುಗಿಸಬೇಕು. ಗಾಡಿ ಓಡುತ್ತಿರುವಾಗ, ಇಂಧನ ಉಳಿಸಲೆಂದು ಇಳಿಜಾರಿನಲ್ಲಿ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸುವ ಅಭ್ಯಾಸ ಕೆಲವರಿಗಿದೆ. ಕೈತಪ್ಪಿ ಕೀಲಿಕೈ ಹೊರಬಂದು ಅಗುಳಿ ಬಿದ್ದರೆ ಸ್ಟೀರಿಂಗ್ ತಿರುಗದು. ಅಂಥವರೊಡನೆ ಘಟ್ಟದ ದಾರಿಯಲ್ಲಿ ಪ್ರಯಾಣ ಮಾಡಲು ನಾನಂತೂ ಒಪ್ಪುವುದಿಲ್ಲ.

ಭಾರದ ಗೊಂಚಲಿನ ಬಗೆಗೂ ಒಂದು ಮಾತು. ಮನೆಯ, ಅಂಗಡಿಯ, ಲಾಕರಿನ ಕೀಲಿಕೈಗಳನ್ನೆಲ್ಲ ಕಾರಿನದರೊಡನೆ ಪೋಣಿಸಿ, ಮೇಲೊಂದು ಹಿತ್ತಾಳೆಯ ನಂದಿಯನ್ನೂ ತೂಗುಬಿಡುವವರಿದ್ದಾರೆ. ಕುಲುಕಾಟದಲ್ಲಿ ಅದೆಲ್ಲದರ ತೂಕ ಆ ಸಣ್ಣ ಉರುಳೆಯನ್ನು ಜಗ್ಗುತ್ತಲೇ ಇರುತ್ತದೆ. 2014ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಸುಮಾರು 26 ಲಕ್ಷ ಸಣ್ಣ ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅವುಗಳ ಇಗ್ನಿಷನ್ ಸ್ವಿಚ್ಚಿನ ಹಿಡಿತ ಸಡಿಲವಾಗಿದ್ದುದರಿಂದ ಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಿಗೋ ಕೀಲಿಕೈ ತಾನಾಗಿ ಹಿಂದೆ ತಿರುಗಿ, ಓಡುವ ಗಾಡಿಯ ಎಂಜಿನ್ ನಿಂತು, ಅಪಘಾತದ ಹೊತ್ತಿನಲ್ಲಿ ಬಿಚ್ಚಿಕೊಳ್ಳಬೇಕಾದ ಗಾಳಿಚೀಲಗಳೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಪರಿಹಾರ ನಿಧಿಯವರು ಒಪ್ಪಿಕೊಂಡ ಸಾವುಗಳೇ 124. ದುರಸ್ತಿ ಆಗುವವರೆಗೆ ಗೊಂಚಲಿನಿಂದ ಬೇರೆಲ್ಲವನ್ನೂ ತೆಗೆದು ಕಾರಿನ ಕೀಲಿಕೈಯನ್ನಷ್ಟೇ ಬಳಸಿರೆಂದು ಕಂಪನಿಯೇ ತಿಳಿಸಿತ್ತು. ದೋಷ ಕಂಪನಿಯದೇ, ನಿಜ. ನಮ್ಮ ಗಾಡಿಗಳಲ್ಲಿ ಆ ದೋಷ ಇದೆಯೆಂದೂ ಅಲ್ಲ. ಆದರೂ ಅಂದಿನಿಂದ ನಮ್ಮ ಮನೆಯಲ್ಲಿ ಕಾರಿನ ಕೀಲಿಕೈ ಒಂಟಿಯಾಗಿಯೇ ಇದೆ.

ಒಳಗಿನ ಬಿಲ್ಲೆ ಅಥವಾ ಸ್ಪ್ರಿಂಗ್ ಮುರಿದಿದ್ದರೆ ಮನೆಮದ್ದು ಸಾಲದು, ಉರುಳೆಯನ್ನು ಬದಲಿಸಬೇಕು. ಆಗ ಮೆಕ್ಯಾನಿಕ್ಕರು ಬಾಗಿಲು, ಡಿಕ್ಕಿ ಎಲ್ಲವೂ ಸೇರಿದ ಪೂರ್ತಿ ಲಾಕ್ ಸೆಟ್ ಹಾಕಿಸಲು ಹೇಳುವುದುಂಟು. ಒಂದೇ ಕೀಲಿಕೈ ಎಲ್ಲದಕ್ಕೂ ಆಗುವುದೆಂಬ ಅನುಕೂಲ ಅದರಲ್ಲಿದೆ. ಎರಡು ಕೀಲಿಕೈ ಇಟ್ಟುಕೊಳ್ಳಲು ಬೇಸರವಿಲ್ಲದವರು ಇಗ್ನಿಷನ್ನಿನದನ್ನು ಮಾತ್ರ ಬದಲಿಸಿ ಖರ್ಚು ಉಳಿಸಬಹುದು. ಕೀಲಿಕೈಯ ತಲೆಯಲ್ಲಿ ಚಿಪ್ಪು ಅಡಗಿರುವ ಗಾಡಿಗಳಲ್ಲಿ ಬರಿಯ ಲೋಹ ಕೊರೆದರೆ ಕೀಲಿ ತಿರುಗೀತು, ಎಂಜಿನ್ ಚಾಲೂ ಆಗದು. ಹೊಸ ಚಿಪ್ಪನ್ನು ಗಾಡಿಗೆ ಪರಿಚಯ ಮಾಡಿಸಬೇಕಾಗುತ್ತದೆ.

ಈಗ ಗುಂಡಿ ಒತ್ತಿ ಚಾಲೂ ಮಾಡುವ ಗಾಡಿಗಳು ಬಂದಿವೆ, ಕೀಲಿಕೈಯ ರಗಳೆಯೇ ಇಲ್ಲ ಎಂದು ತರುಣರು ಹೇಳುತ್ತಾರೆ. ಅವುಗಳಲ್ಲಿ ಕೆಲವಕ್ಕೂ ಸ್ಟೀರಿಂಗಿನ ಅಗುಳಿ ಇದೆ. ಗಾಲಿ ಕಲ್ಲಿಗೆ ಒತ್ತಿ ನಿಂತಿದ್ದರೆ ಗುಂಡಿ ಒತ್ತುತ್ತ ಸ್ಟೀರಿಂಗನ್ನು ಅತ್ತಿತ್ತ ಆಡಿಸಲೇಬೇಕು. ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಡಬ್ಬಿಯ ಬ್ಯಾಟರಿ ಇಳಿದರೆ ಬಾಗಿಲು ತೆರೆಯಲೆಂದು ಅದರ ಹೊಟ್ಟೆಯಲ್ಲಿಯೇ ಲೋಹದ ಕೀಲಿಕೈಯೊಂದನ್ನು ಅಡಗಿಸಿಟ್ಟಿರುತ್ತಾರೆ. ಅದನ್ನು ಹೊರತೆಗೆಯುವ ಸಣ್ಣ ಗುಂಡಿ ಎಲ್ಲಿದೆ, ಬಾಗಿಲಿನಲ್ಲಿ ಅದು ಹೋಗುವ ರಂಧ್ರ ಎಲ್ಲಿದೆ ಎಂಬುದನ್ನು ಹಗಲು ಹೊತ್ತಿನಲ್ಲಿ, ಮಳೆ ಇಲ್ಲದಾಗ, ಮನೆಯಲ್ಲಿ ಗಾಡಿ ನಡೆಸುವವರೆಲ್ಲರೂ ಒಮ್ಮೆ ನೋಡಿಟ್ಟುಕೊಳ್ಳಬಹುದು.