ಟಾಟಾ ಸಭಾಂಗಣದಲ್ಲಿ ಕತ್ತಲೆಕಾನು

ಸೆಪ್ಟೆಂಬರ್ 14, ಗುರುವಾರ

ಬೆಳಿಗ್ಗೆಯೇ ಬಸ್ಸಿಳಿದು ಸಮ್ಮೇಳನಕ್ಕೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಾಟಾ ಸಭಾಂಗಣಕ್ಕೆ ಬಂದೆ. ವಿದ್ಯಾರ್ಥಿಗಳ ಈ ಸಂರಕ್ಷಣಾ ವಿಜ್ಞಾನ ಸಮ್ಮೇಳನ ಕೇಂಬ್ರಿಜ್‌ನಲ್ಲಿ 2000ದಲ್ಲಿ ಹುಟ್ಟಿದ್ದು. ಬೆಂಗಳೂರಿಗೆ 2010ರಲ್ಲಿ ಬಂತು. ಪ್ರಬಂಧ ಮಂಡಿಸುವವರು, ಪೋಸ್ಟರ್ ಹಚ್ಚುವವರು ಇಲ್ಲಿ ವಿದ್ಯಾರ್ಥಿಗಳೇ. ಹಿರಿಯರು ಕೆಲವು ವಿಶೇಷ ಉಪನ್ಯಾಸ, ಕಾರ್ಯಾಗಾರ ಬಿಟ್ಟರೆ ಕೆಳಗೆ ಕೂತು ಕೇಳುತ್ತಾರೆ. ಎಲ್ಲ ಸಮ್ಮೇಳನಗಳಲ್ಲೂ ಹೀಗೇ ಇರಬೇಕು ಅನ್ನಿಸಿತು. ಕೆಲಸ ಅರ್ಧದಲ್ಲಿರುವಾಗ ತಿದ್ದಿದರೆ ಅದು ತಿದ್ದಿಸಿಕೊಳ್ಳುತ್ತದೆ. ಅಚ್ಚಾದ ಮೇಲೆ ಬಂದ ಸಲಹೆ ಯಾರಿಗೂ ಬೇಡ.

ಸೆಪ್ಟೆಂಬರ್ 15, ಶುಕ್ರವಾರ

ಇವತ್ತು ನನ್ನ ಪೋಸ್ಟರ್. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳಲ್ಲಿ, ಅಂದರೆ ಜೌಗು ಕಾಡುಗಳಲ್ಲಿ, ಸಸಿಗಳು ಎಷ್ಟು ಉಳಿಯುತ್ತವೆ ಎಂಬುದು ವಿಷಯ. ಕೆಸರಿನಿಂದ ಮೊಣಕಾಲು ಮಡಿಸಿದ ಹಾಗೆ ಮೇಲೆದ್ದ ಉಸಿರುಬೇರುಗಳ ಫೋಟೋ ನೋಡಿಯೇ ಅರ್ಧ ಜನ ನಿಂತರು. ಅಲ್ಲಿಯದೇ ಹೆಸರು ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ವಿಜ್ಞಾನಕ್ಕೆ ಪರಿಚಯವಾದದ್ದೇ 2000ದಲ್ಲಿ ಎಂದಾಗ ಒಬ್ಬರು ಗೇರಿನ ಕುಟುಂಬದ ಇಷ್ಟು ದೊಡ್ಡ ಮರ ಅಲ್ಲಿಯವರೆಗೆ ಹೇಗೆ ತಪ್ಪಿಸಿಕೊಂಡಿತ್ತು ಎಂದು ಬೆರಗಾದರು. ಹಳ್ಳಿಯವರ ಕಣ್ಣಿಗಂತೂ ತಪ್ಪಿಸಿಕೊಂಡಿರಲಿಕ್ಕಿಲ್ಲ.

ಶ್ರೀಲಂಕಾದ ಹುಡುಗನೊಬ್ಬ ಪೋಸ್ಟರನ್ನು ಪೂರ್ತಿ ಓದಿ, ಕೊನೆಯ ಗ್ರಾಫ್ ಮೇಲೆ ಬೆರಳಿಟ್ಟು ಕೇಳಿದ: “ಈ ಹಳ್ಳದಲ್ಲಿ ವರ್ಷಕ್ಕೆ ಎಷ್ಟು ತಿಂಗಳು ನೀರು ಹರಿಯುತ್ತದೆ?” ರಾಮಪತ್ರೆಯ ಬೀಜ ಒಣಗಿದರೆ ಮೊಳಕೆ ಬರುವುದಿಲ್ಲ. ಬೀಜ ಬಿದ್ದ ಮೇಲೆ ಕೆಸರು ಎಷ್ಟು ದಿನ ಒದ್ದೆಯಿತ್ತು ಎಂಬುದರ ಮೇಲೆ ಉಳಿದ ಲೆಕ್ಕವೆಲ್ಲ ನಿಂತಿದೆ. ಸಸಿಗಳ ಎಣಿಕೆ ನನ್ನಲ್ಲಿದೆ, ನೀರಿನದು ಇನ್ನು ಶುರುವಾಗಬೇಕು. ಒಂದು ಗಂಟೆ ಅಲ್ಲೇ ನಿಂತು, ಯಾವ ಹಳ್ಳಕ್ಕೆ ಎಲ್ಲಿ ಅಳತೆಗೋಲು ನೆಡಬಹುದು ಎಂದು ಪೋಸ್ಟರಿನ ನಕ್ಷೆಯ ಮೇಲೇ ಪೆನ್ಸಿಲಿನಿಂದ ಗುರುತು ಹಾಕಿದೆವು.

ಸೆಪ್ಟೆಂಬರ್ 16, ಶನಿವಾರ

ಬೆಳಿಗ್ಗೆ ಅಂಕಿಅಂಶದ ಕಾರ್ಯಾಗಾರ. ತಲೆ ತುಂಬಿತು.

ಚಹಾದ ಹೊತ್ತಿನಲ್ಲಿ ಅರುಣಾಚಲದಿಂದ ಬಂದವಳ ಜೊತೆ ಮಂಗಟ್ಟೆಗಳ ಮಾತು. ಅಲ್ಲಿನ ಪಕ್ಕೆ ಹುಲಿ ಸಂರಕ್ಷಿತ ಪ್ರದೇಶದ ಸುತ್ತ 2011ರಿಂದ ಮಂಗಟ್ಟೆ ಗೂಡುಗಳನ್ನು ದತ್ತು ಕೊಡುವ ಯೋಜನೆ ಇದೆ: ದೂರದ ಊರಿನವರು ಹಣ ಕಳಿಸುತ್ತಾರೆ, ನಿಶಿ ಸಮುದಾಯದವರು ಗೂಡು ಕಾಯುತ್ತಾರೆ. ಅವರಲ್ಲಿ ಹಿಂದೆ ಬೇಟೆಯಾಡುತ್ತಿದ್ದವರೂ ಇದ್ದಾರೆ. ನಮ್ಮ ಜಡ್ಡಿಯ ದೊಡ್ಡ ಬೀಜಗಳನ್ನೂ ಮಂಗಟ್ಟೆಗಳೇ ನುಂಗಿ ಹೊತ್ತೊಯ್ದು ಬೇರೆಡೆ ಉಗುಳುತ್ತವೆ.

ಆಗ ಪಕ್ಕದಲ್ಲಿದ್ದ ಒಬ್ಬರು, ನಿಮ್ಮಲ್ಲಿ ಅಡಿಕೆ ತೋಟದವರು ಹಳ್ಳದ ನೀರು ಕದಿಯುವುದೇ ಸಮಸ್ಯೆಯಲ್ಲವೇ ಎಂದರು. ಒಪ್ಪಲಾಗಲಿಲ್ಲ. ನೀರು ತೋಟಕ್ಕೆ ಹೋಗುತ್ತದೆ, ನಿಜ. ನನಗೆ ಜಡ್ಡಿ ತೋರಿಸಿದ ಅಜ್ಜ ಮುಚ್ಚುಮರೆಯಿಲ್ಲದೆ ಹೇಳಿದ್ದರು: “ಶಿವರಾತ್ರಿ ಕಳೆದ ಮೇಲೆ ನೀರು ತೋಟಕ್ಕೇ ಹೋಗ್ತು ತಂಗಿ.” ಆದರೆ ಹಳ್ಳದ ದಂಡೆಯ ಒಂದು ಮರವನ್ನೂ ಕಡಿಯಲು ಬಿಡದವರು ಅದೇ ಅಜ್ಜ. ಅವರನ್ನು ಕಳ್ಳರ ಸಾಲಿಗೆ ಸೇರಿಸುವ ಸ್ಲೈಡ್ ನಾನು ಮಾಡುವುದಿಲ್ಲ. ಎಷ್ಟು ನೀರು ಬಿಟ್ಟರೆ ಸಸಿ ಬದುಕುತ್ತದೆ, ಎಷ್ಟು ತೆಗೆದರೆ ತೋಟ ಬದುಕುತ್ತದೆ, ಇದು ಅಳೆಯಬಹುದಾದ ಪ್ರಶ್ನೆ. ಅಳೆಯದೆ ಬೈಯುವುದು ಸುಲಭ.

ಸೆಪ್ಟೆಂಬರ್ 17, ಭಾನುವಾರ

ಸಮಾರೋಪಕ್ಕೆ ಕಾಯದೆ ಹಿಂದಿನ ಸಾಲಿನಲ್ಲಿ ಕೂತು ಗೈಡ್‌ಗೆ ಪತ್ರ ಬರೆದೆ. ಕತ್ತಲೆಕಾನು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶಕ್ಕೆ ಸೇರಿತ್ತು. ಹಳ್ಳದಲ್ಲಿ ಗೋಲು ನೆಡಲು ಅರಣ್ಯ ಇಲಾಖೆಯ ಅನುಮತಿಗೆ ತಿದ್ದುಪಡಿ ಬೇಕು. ಮಳೆ ನಿಂತ ಕೂಡಲೇ ಅಳತೆ ಶುರುವಾಗಬೇಕು. ತೋಟಕ್ಕೆ ನೀರು ತಿರುಗಿಸಿದ ದಿನಾಂಕ ಬರೆದಿಡಲು ಅಜ್ಜನನ್ನೇ ಕೇಳಬೇಕು, ಒಪ್ಪಿದರೆ ಪ್ರಬಂಧದಲ್ಲಿ ಅವರ ಹೆಸರೂ ಇರಬೇಕು ಎಂದು ಸೇರಿಸಿದೆ. ಗೈಡ್ ಕೂಡಲೇ ಉತ್ತರಿಸಿದರು: ಅರ್ಜಿ ನಾಳೆಯೇ ಕೊಡು, ಗೋಲಿನ ಖರ್ಚು ನೋಡೋಣ.