ಟಿ-ಟ್ಯೂಬಿನ ಕಾಲದಿಂದ ಇಲ್ಲಿಯವರೆಗೆ

ನಮ್ಮ ಅನಗವಾಡಿಯಲ್ಲಿ ಕಣ್ಣು ಹಳದಿಯಾದರೆ ‘ಕಾಮಣಿ ಆಗೇತಿ’ ಎಂದು ಜನ ಮೊದಲು ಸೊಪ್ಪಿನ ಔಷಧಕ್ಕೆ ಹೋಗುತ್ತಿದ್ದರು. ಪಿತ್ತನಾಳಕ್ಕೆ ಹರಳು ಅಡ್ಡ ಕುಂತವರಿಗೆ ಅದರಿಂದ ಗುಣವೆಲ್ಲಿ? ಮೈಯೆಲ್ಲ ತುರಿಕೆಯೆದ್ದು ಚಳಿಜ್ವರ ಏರಿದ ಮೇಲೆ ಘಟಪ್ರಭೆಯ ಸೇತುವೆ ದಾಟಿ ಬಾಗಲಕೋಟೆಗೆ, ಇಲ್ಲವೆ ವಿಜಾಪುರಕ್ಕೆ ಹೊರಡುತ್ತಿದ್ದರು. ಉಳ್ಳವರು 1894ರಲ್ಲಿ ಡಾ. ವಾನ್ಲೆಸ್ ಶುರುಮಾಡಿದ ಮಿರಜದ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದರು.

ನಾನು ಆಪರೇಷನ್ ಥಿಯೇಟರಿಗೆ ನರ್ಸಾಗಿ ಸೇರಿದಾಗ ಬಲ ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ದು, ನಾಳ ಸೀಳಿ, ಬಾಗಿದ ಇಕ್ಕಳದಿಂದ ಹರಳು ತೆಗೆಯುತ್ತಿದ್ದರು. ನಾಳದೊಳಗೆ ರಬ್ಬರಿನ ಟಿ-ಟ್ಯೂಬ್ ಇಟ್ಟು ಹೊಲಿಗೆ. ಪಕ್ಕದಿಂದ ಹೊರಬಂದ ಆ ನಳಿಗೆಯ ಬಾಟಲಿಯಲ್ಲಿ ದಿನಾ ಎಷ್ಟು ಪಿತ್ತ ಇಳಿಯಿತೆಂದು ನಾವು ಅಳೆದು ಬರೆಯಬೇಕಿತ್ತು. ಸುಮಾರು ಹತ್ತು ದಿನಕ್ಕೆ ಆ ಟ್ಯೂಬಿನೊಳಗೆ ಔಷಧ ಬಿಟ್ಟು ಎಕ್ಸ್‌ರೇ. ಹರಳು ಉಳಿದಿಲ್ಲವೆಂದು ಕಂಡರೆ ಮಾತ್ರ ಟ್ಯೂಬ್ ತೆಗೆಯುವ ಮಾತು. “ಅಕ್ಕಾರ, ಹೊಟ್ಟಿ ಕೊಯ್ಯೋದು ಬ್ಯಾಡ್ರಿ, ಗುಳಿಗಿ ಕೊಡ್ರಿ” ಎಂದು ಕೈ ಹಿಡಿದು ಅತ್ತ ಮುದುಕಿಯರನ್ನು ಕಂಡಿದ್ದೇನೆ. ಆ ಅಂಜಿಕೆಯೇ ಅವರನ್ನು ತಡಮಾಡಿಸುತ್ತಿತ್ತು.

1974ರಲ್ಲಿ ಜರ್ಮನಿ, ಜಪಾನುಗಳಲ್ಲಿ ಬಾಯಿಯ ಮೂಲಕ ದುರ್ಬೀನು ಇಳಿಸಿ ನಾಳದ ಬಾಯಿ ಕತ್ತರಿಸುವ ವಿದ್ಯೆ ಬಂತು. 1990ರಲ್ಲಿ ಮುಂಬಯಿಯ ಡಾ. ತೆಹಮ್ಟನ್ ಉದ್ವಾಡಿಯಾ ಭಾರತದಲ್ಲಿ ಮೊದಲ ಬಾರಿ ಲ್ಯಾಪರೊಸ್ಕೋಪಿಯಿಂದ, ಅಂದರೆ ಹೊಟ್ಟೆಗೆ ಸಣ್ಣ ತೂತುಗಳನ್ನಷ್ಟೇ ಮಾಡಿ, ಪಿತ್ತಕೋಶ ತೆಗೆದರು. ನಮ್ಮ ಕಡೆಗೆ ಇವೆಲ್ಲ ನಿಧಾನವಾಗಿ ಬಂದವು. ನಾಳದಲ್ಲಿ ಬಲೂನು ಉಬ್ಬಿಸಿ ಎಳೆದಾಗ ಕಂದು ಹರಳು ಕರುಳಿಗೆ ಜಾರುವುದನ್ನು ಮೊದಲ ಸಲ ಪರದೆಯ ಮೇಲೆ ಕಂಡಾಗ ನನ್ನ ಕಣ್ಣು ತುಂಬಿತು. ಪಿತ್ತಜನಕಾಂಗದ ಒಳಕವಲುಗಳಲ್ಲಿ ಕೂತ ಹರಳು ಮಾತ್ರ ಇಂದಿಗೂ ಹಟಮಾರಿ. ಅದಕ್ಕೆ ಕೋಲೆಡೋಕೋಸ್ಕೋಪ್ ಎಂಬ, ಪಿತ್ತನಾಳದೊಳಗೆ ನೋಡುವ ತೆಳುವಾದ ದುರ್ಬೀನು ತೂರಿಸಿ ಲೇಸರಿನಿಂದ ಪುಡಿಮಾಡುತ್ತಾರೆ. ಕೆಲವೊಮ್ಮೆ ಕೆಟ್ಟ ಭಾಗವನ್ನೇ ತೆಗೆಯಬೇಕಾಗುತ್ತದೆ.

ಕೊಯ್ತ ಕಿರಿದಾದಂತೆ ಅಂಜಿಕೆಯೂ ಕಿರಿದಾಯಿತು, ಜನ ಬೇಗ ಬರತೊಡಗಿದರು. ನಾನು ಕಂಡ ದೊಡ್ಡ ಲಾಭ ಇದೇ. ಆದರೆ ಹೊಸ ಅಪಾಯವೊಂದು ಜೊತೆಗೇ ಬಂತು. ಟಿ-ಟ್ಯೂಬಿನ ಬಾಟಲಿ ಹೊತ್ತವನಿಗೆ ತಿರುಗಿ ಬರಬೇಕೆಂದು ಯಾರೂ ನೆನಪಿಸಬೇಕಿರಲಿಲ್ಲ. ಈಗ ಪಿತ್ತ ಹರಿಯಲೆಂದು ನಾಳದೊಳಗಿಟ್ಟ ಸ್ಟೆಂಟ್ ಎಂಬ ಪ್ಲಾಸ್ಟಿಕ್ ನಳಿಗೆ ಹೊರಗೆ ಕಾಣುವುದಿಲ್ಲ, ನೋಯುವುದೂ ಇಲ್ಲ. ಸುಗ್ಗಿ, ಕಬ್ಬಿನ ಕಟಾವು ಎಂದು ಮರೆತವರು ಸ್ಟೆಂಟ್ ಕಟ್ಟಿಕೊಂಡ ಮೇಲೆ ಜ್ವರದಲ್ಲಿ ನಡುಗುತ್ತ ಬಂದದ್ದನ್ನು ನೋಡಿದ್ದೇನೆ.

ಅದಕ್ಕೇ ಊರಿನವರಿಗೆ ಹೇಳುತ್ತೇನೆ: ಸ್ಟೆಂಟ್ ತೆಗೆಸುವ ದಿನವನ್ನು ಮನೆಮಂದಿಯೆಲ್ಲ ನೆನಪಿಡಿ, ಸಾಮಾನ್ಯವಾಗಿ ಅದು ಮೂರು ತಿಂಗಳೊಳಗೆ ಇರುತ್ತದೆ. ಹಳದಿ ಕಣ್ಣು, ಚಳಿಜ್ವರ, ಬಲಪಕ್ಕೆಯ ನೋವು ಕೂಡಿ ಬಂದರೆ ಸೊಪ್ಪಿಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೊರಡಿ.