ಶುಕ್ರವಾರದ ತಲೆನೋವು

ನನಗೆ ಅರೆತಲೆನೋವು ಶುರುವಾದದ್ದು ಮಗ ಹುಟ್ಟಿದ ಮರುವರ್ಷ, 2014ರಲ್ಲಿ. ಬಲಗಣ್ಣಿನ ಹಿಂದೆ ಒಂದು ಸಣ್ಣ ಮಿಡಿತದಿಂದ ಆರಂಭವಾಗಿ, ಗಂಟೆ ಕಳೆಯುವಷ್ಟರಲ್ಲಿ ತಲೆಯ ಅರ್ಧಭಾಗ ಒಡೆದು ಹೋಗುವಂತಾಗುತ್ತಿತ್ತು. ಬೆಳಕು ಕಂಡರಾಗದು. ಪಾತ್ರೆ ಸದ್ದು ಕೇಳಿದರಾಗದು. ಒಗ್ಗರಣೆಯ ವಾಸನೆ ಬಂದರೆ ವಾಂತಿ. ಕಿಟಕಿಗೆ ಕಪ್ಪು ಶಾಲು ಕಟ್ಟಿ ಮಲಗಿದರೆ ಕೆಲವೊಮ್ಮೆ ಸಂಜೆಗೆ ಇಳಿಯುತ್ತಿತ್ತು, ಕೆಲವೊಮ್ಮೆ ಮೂರನೆಯ ದಿನಕ್ಕೆ.

ನೋವನ್ನಾದರೂ ಸಹಿಸಬಹುದು, ಮಾತನ್ನು ಸಹಿಸುವುದು ಕಷ್ಟ. 2021ರ ಡಿಸೆಂಬರ್‌ನಲ್ಲಿ ನಾದಿನಿಯ ಮದುವೆ. ಮನೆ ತುಂಬ ನೆಂಟರು. ನಿಕಾಹ್ ನಡೆಯುವ ಹೊತ್ತಿಗೆ ಮನೆಯ ಹಿರಿಸೊಸೆಯಾದ ನಾನು ಒಳಕೋಣೆಯಲ್ಲಿ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಬಿದ್ದಿದ್ದೆ. ಬಾಗಿಲಾಚೆ ಒಬ್ಬರು ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: "ಕೆಲಸ ಇರುವ ದಿನವೇ ಅವಳಿಗೆ ತಲೆನೋವು ಬರುವುದು." ಅದಕ್ಕೆ ಅತ್ತೆ ಏನೂ ಉತ್ತರಿಸಲಿಲ್ಲ. ಆ ಮೌನ ನನಗೆ ಆ ಮಾತಿಗಿಂತ ಹೆಚ್ಚು ಚುಚ್ಚಿತು. ಈಗ ಯೋಚಿಸಿದರೆ, ಆ ಮಾತಿನಲ್ಲಿ ಒಂದು ಸತ್ಯವೂ ಇತ್ತು. ಅದು ನನಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು.

ಮದುವೆ ಮುಗಿದ ಮೇಲೆ ಪರಿಚಯದವರೊಬ್ಬರು ಒಂದು ಪಟ್ಟಿ ತಂದುಕೊಟ್ಟರು. ಮೈಗ್ರೇನ್ ಇರುವವರು ತಿನ್ನಬಾರದ ವಸ್ತುಗಳ ಪಟ್ಟಿ. ಮೊದಲ ಸಾಲಿನಲ್ಲೇ ಕೆಂಪು ವೈನ್! ನಮ್ಮ ಮನೆಯ ಹೊಸ್ತಿಲು ದಾಟದ ವಸ್ತುವನ್ನು ಬಿಡುವುದು ಬಹಳ ಸುಲಭವಾಯಿತು. ಹಳೆಯ ಚೀಸ್, ಸಾಸೇಜ್ ಕೂಡ ನಮಗೆ ಸಂಬಂಧಪಟ್ಟದ್ದಲ್ಲ. ಆದರೆ ಅದರ ಕೆಳಗೆ ಚಾಕಲೇಟ್, ಚಹಾ, ಕಾಫಿ, ಮೊಸರು, ಕಿತ್ತಳೆ, ನಿಂಬೆ, ಬಾಳೆಹಣ್ಣು, ಈರುಳ್ಳಿ, ಕಡಲೆಬೀಜ, ಹುದುಗು ಬಂದ ಹಿಟ್ಟು, ಒಣಮೀನು, ಉಪ್ಪಿನಕಾಯಿ ಎಂದು ಪಟ್ಟಿ ಉದ್ದಕ್ಕೆ ಸಾಗುತ್ತಿತ್ತು. ಈರುಳ್ಳಿ ಇಲ್ಲದೆ ಕರಾವಳಿಯ ಮುಸ್ಲಿಮ್ ಮನೆಯಲ್ಲಿ ಏನು ಅಡುಗೆ ಮಾಡುವುದು? ಇಡ್ಲಿ, ದೋಸೆ ಹೋಯಿತು. ಮೊಸರು ಹೋಯಿತು. ಮೀನು ಮುಟ್ಟಲು ಹೆದರಿಕೆ. ಉಳಿದದ್ದು ಕುಚ್ಚಲಕ್ಕಿ ಗಂಜಿ, ತೊಂಡೆಕಾಯಿ ಪಲ್ಯ, ಹೆಸರುಬೇಳೆ ಸಾರು.

ಒಂದು ವರ್ಷ ಹೀಗೆಯೇ ಬದುಕಿದೆ. 58 ಕಿಲೋ ಇದ್ದವಳು 51ಕ್ಕೆ ಇಳಿದೆ. ಹಿಮೋಗ್ಲೋಬಿನ್ ಒಂಬತ್ತಕ್ಕೆ ಬಂತು. ತಲೆನೋವು ಮಾತ್ರ ತಿಂಗಳಿಗೆ ನಾಲ್ಕು ಇದ್ದದ್ದು ಎಂಟಾಯಿತು. ಎಲ್ಲಾದರೂ ಊಟಕ್ಕೆ ಕರೆದರೆ ಹೋಗಲು ಭಯ. ಹೋದರೂ ಬಡಿಸಿದ್ದನ್ನು ಬದಿಗೆ ಸರಿಸಿ ಕುಳಿತುಕೊಳ್ಳುವುದು. ದುಬೈಯಲ್ಲಿರುವ ಪತಿ ಫೋನಿನಲ್ಲಿ, "ಇನ್ನು ಬಿಡಲು ನಿನಗೆ ನೀರೊಂದೇ ಉಳಿದಿರುವುದು" ಎಂದರು. ನಗು ಬರಲಿಲ್ಲ.

2023ರ ಆರಂಭದಲ್ಲಿ ಅವರೇ ರಜೆಯಲ್ಲಿ ಬಂದಾಗ ನನ್ನನ್ನು ಮಂಗಳೂರಿನ ಒಬ್ಬ ನರರೋಗ ತಜ್ಞೆಯ ಬಳಿಗೆ ಕರೆದುಕೊಂಡು ಹೋದರು. ಪಟ್ಟಿಯನ್ನು ಅವರ ಮುಂದಿಟ್ಟೆ. ಅವರು ಅದನ್ನು ಓದಿ ಮಡಚಿ ನನಗೇ ಹಿಂದಿರುಗಿಸಿದರು. ನಂತರ ಕೇಳಿದ ಮೊದಲ ಪ್ರಶ್ನೆ ಆಹಾರದ ಬಗ್ಗೆ ಆಗಿರಲಿಲ್ಲ. "ನೋವಿನ ಮಾತ್ರೆ ತಿಂಗಳಿಗೆ ಎಷ್ಟು ದಿನ ನುಂಗುತ್ತೀರಿ?" ಎಂದರು. ಲೆಕ್ಕ ಹಾಕಿದೆ. ಹದಿನಾರು, ಹದಿನೇಳು ದಿನ. ನೋವು ಬರುವ ಮೊದಲೇ, ಬರಬಹುದೆಂಬ ಹೆದರಿಕೆಗೂ ನುಂಗುತ್ತಿದ್ದೆನಲ್ಲ! ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಿಂಗಳುಗಟ್ಟಲೆ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವನ್ನು ಹುಟ್ಟಿಸುತ್ತದೆ, ಮೈಗ್ರೇನ್‌ಗೆಂದೇ ಇರುವ ಕೆಲವು ಮಾತ್ರೆಗಳಿಗಾದರೆ 10 ದಿನವೇ ಸಾಕು ಎಂದು ಅವರು ವಿವರಿಸಿದರು. ಅದನ್ನು ನಿಲ್ಲಿಸಿದ ಎರಡು ವಾರ ಹೇಗೆ ಕಳೆಯಿತೆಂದು ಇಲ್ಲಿ ಬರೆಯುವುದಿಲ್ಲ. ನೋವು ಬಾರದಂತೆ ತಡೆಯಲು ಬೇರೊಂದು ಮಾತ್ರೆಯನ್ನೂ ಕೊಟ್ಟರು. ನನ್ನ ಗುಣದಲ್ಲಿ ಅದರ ಪಾಲೂ ಇದೆ. ಆಹಾರ ಸರಿಪಡಿಸಿದ್ದರಿಂದಲೇ ಎಲ್ಲವೂ ವಾಸಿಯಾಯಿತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ.

ಆಹಾರದ ಬಗ್ಗೆ ವೈದ್ಯೆ ಹೇಳಿದ್ದು ಇಷ್ಟೇ. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗುತ್ತದೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ, ಎಷ್ಟು ಗಂಟೆ ನಿದ್ರಿಸಿದಿರಿ, ಮುಟ್ಟಿನ ದಿನ ಯಾವುದು, ನೋವು ಯಾವಾಗ ಬಂತು, ಎಲ್ಲವನ್ನೂ ಬರೆಯಿರಿ. ಬಿಟ್ಟ ಆಹಾರಗಳನ್ನು ಒಂದೊಂದಾಗಿ ಹಿಂದಕ್ಕೆ ತನ್ನಿ. ಎರಡನ್ನು ಒಟ್ಟಿಗೆ ತರಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಒಂದು ಸಲ ನೋವು ಬಂದ ಮಾತ್ರಕ್ಕೆ ಅದೇ ಕಾರಣ ಎಂದು ತೀರ್ಮಾನಿಸಬೇಡಿ, ಮತ್ತೆರಡು ಸಲ ತಿಂದು ನೋಡಿ.

ಮಗಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯತೊಡಗಿದೆ. ಸತ್ಯ ಹೇಳುತ್ತೇನೆ, ಸಮಯದ ಕಾಲಂ ಮಾತ್ರ ಖಾಲಿ ಬಿಡುತ್ತಿದ್ದೆ. ಅಡುಗೆಮನೆಯಲ್ಲಿ ಗಡಿಯಾರ ನೋಡಿಕೊಂಡು ಉಣ್ಣುವ ಹೆಂಗಸು ಯಾರಿದ್ದಾಳೆ?

ಮೊದಲು ಇಡ್ಲಿ ಹಿಂದಕ್ಕೆ ಬಂತು. ಏನೂ ಆಗಲಿಲ್ಲ. ಆಮೇಲೆ ಈರುಳ್ಳಿ. ಏನೂ ಆಗಲಿಲ್ಲ. ಒಂದು ವರ್ಷ ಸುಮ್ಮನೆ ಉಪ್ಪುಖಾರವಿಲ್ಲದ ಬಾಳು ಬಾಳಿದೆನಲ್ಲ ಎಂದು ಸಿಟ್ಟೂ ಬಂತು. ಬಾಳೆಹಣ್ಣು, ಮೊಸರು, ತಾಜಾ ಬಂಗುಡೆ ಎಲ್ಲ ಒಂದೊಂದಾಗಿ ಬಟ್ಟಲಿಗೆ ಮರಳಿದವು.

ಎರಡು ತಿಂಗಳು ಕಳೆದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹತ್ತು ತಲೆನೋವುಗಳಲ್ಲಿ ಆರು ಬಂದದ್ದು ಶುಕ್ರವಾರ. ಶುಕ್ರವಾರ ನಮ್ಮ ಮನೆಯಲ್ಲಿ ತುಪ್ಪದ ಅನ್ನ, ಮಾಂಸದ ಸಾರು. ಮಸಾಲೆ ಅತ್ತೆಯದ್ದೇ. ಚಕ್ಕೆ, ಲವಂಗ, ಸೋಂಪು, ಜಾಯಿಕಾಯಿ ಎಲ್ಲವನ್ನೂ ಹುರಿದು ಪುಡಿ ಮಾಡಿ ಡಬ್ಬಿಯಲ್ಲಿಡುತ್ತಾರೆ, ಅಳತೆ ಯಾರಿಗೂ ಹೇಳುವುದಿಲ್ಲ. ಅಂತೂ ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. "ಮಾಮಿ, ನಿಮ್ಮ ಮಸಾಲೆ ನನಗೆ ಆಗುವುದಿಲ್ಲ. ಶುಕ್ರವಾರ ನನಗೆ ಗಂಜಿ ಸಾಕು" ಎಂದೆ. ಅವರ ಮುಖ ಬಾಡಿತು. ನಲುವತ್ತು ವರ್ಷಗಳಿಂದ ಆ ಮಸಾಲೆಯನ್ನು ಈ ಮನೆಯವರು ಉಂಡಿದ್ದಾರೆ. "ನಾನು ವಿಷ ಹಾಕಿದೆನಾ ನಿನಗೆ?" ಎಂದವರು ಆ ದಿನ ತಾನೂ ಉಣ್ಣದೆ ಎದ್ದರು. ಮುಂದಿನ ಮೂರು ಶುಕ್ರವಾರ ಮನೆಯಲ್ಲಿ ಮಾತು ಕಡಿಮೆ, ಅಡುಗೆಯೂ ಕಡಿಮೆ. ಆದರೆ ಗಂಜಿ ಉಂಡ ಆ ಮೂರರಲ್ಲಿ ಎರಡು ಶುಕ್ರವಾರ ನನಗೆ ತಲೆನೋವು ಬಂತು! ಗಂಜಿಯ ನೀರಿಗೂ ಮಸಾಲೆ ಹಾರಿ ಬಿದ್ದಿರಬಹುದೇ ಎಂದು ಯೋಚಿಸುವಷ್ಟು ನನ್ನ ಬುದ್ಧಿ ಕೆಟ್ಟಿತ್ತು.

ಬಾಗಿಲು ತೆರೆದದ್ದು ಆಕಸ್ಮಿಕವಾಗಿ. ಒಂದು ಶನಿವಾರ ಹಿಂದಿನ ದಿನದ ಮಾಂಸದ ಸಾರು ಉಳಿದಿತ್ತು. ಅತ್ತೆ ಮಗಳ ಮನೆಗೆ ಹೋಗಿದ್ದರು. ಮಕ್ಕಳು ಅರ್ಧ ದಿನದ ಶಾಲೆ ಮುಗಿಸಿ ಹಸಿದು ಬಂದಿದ್ದರು. ಹನ್ನೆರಡೂವರೆಗೆ ಮೂವರೂ ಕುಳಿತು ಉಂಡೆವು. ಆಸೆ ತಡೆಯಲಾರದೆ ನಾನೂ ಎರಡು ಸಲ ಸಾರು ಹಾಕಿಸಿಕೊಂಡೆ. ಇನ್ನು ಬರುತ್ತದೆ, ಈಗ ಬರುತ್ತದೆ ಎಂದು ರಾತ್ರಿವರೆಗೆ ಕಾದೆ. ಬರಲಿಲ್ಲ. ಅದೇ ಮಾಂಸ, ಅದೇ ಮಸಾಲೆ, ಅದೂ ಒಂದು ದಿನ ಹಳೆಯದು.

ಮಗಳು ಆಗ ಒಂಬತ್ತನೆಯ ತರಗತಿ. ನೋಟ್‌ಬುಕ್ ತಿರುವಿ ಹಾಕಿ, "ಉಮ್ಮಾ, ಟೈಮ್ ಯಾಕೆ ಬರೆದಿಲ್ಲ? ಶುಕ್ರವಾರ ನೀನು ಊಟ ಮಾಡುವುದು ಎಷ್ಟು ಹೊತ್ತಿಗೆ?" ಎಂದಳು. ನಾನು ಸುಮ್ಮನಾದೆ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಎರಡು ನೀರುದೋಸೆ. ಗಂಡಸರು ಜುಮಾ ಮುಗಿಸಿ ಬರುವಾಗ ಒಂದೂವರೆ, ಎರಡು ಗಂಟೆ. ಅವರಿಗೆ ಬಡಿಸಿ, ಮಕ್ಕಳಿಗೆ ಬಡಿಸಿ, ಪಾತ್ರೆ ಒಳಗಿಟ್ಟು ನಾವು ಹೆಂಗಸರು ಕುಳಿತುಕೊಳ್ಳುವಾಗ ಮೂರಾಗುತ್ತದೆ. ಅಡುಗೆಯ ಅವಸರದಲ್ಲಿ ಹತ್ತು ಗಂಟೆಯ ಚಹಾ ಕೂಡ ತಪ್ಪುತ್ತಿತ್ತು. ಎಂಟು ಗಂಟೆ ಖಾಲಿ ಹೊಟ್ಟೆ, ಅದರ ಮೇಲೆ ಒಲೆಯ ಬಿಸಿ. ನಾದಿನಿಯ ಮದುವೆಯ ದಿನವೂ ಅಷ್ಟೇ. ಬೆಳಗ್ಗಿನಿಂದ ಹನಿ ನೀರು ಕೂಡ ಕುಡಿದಿರಲಿಲ್ಲ, ಹಿಂದಿನ ರಾತ್ರಿ ನಿದ್ರೆಯೂ ಇಲ್ಲ. ಕೆಲಸ ಇರುವ ದಿನವೇ ಅವಳಿಗೆ ತಲೆನೋವು ಎಂದವರ ಮಾತಿನಲ್ಲಿದ್ದ ಸತ್ಯ ಇದು. ಕೆಲಸವಿರುವ ದಿನ ನಾನು ತಿನ್ನುತ್ತಿರಲಿಲ್ಲ.

ಊಟ ತಪ್ಪಿಸುವುದು ಮೈಗ್ರೇನನ್ನು ಕೆರಳಿಸುವ ಕಾರಣಗಳಲ್ಲಿ ಬಹಳ ಸಾಮಾನ್ಯವಾದದ್ದು ಎಂದು ಮುಂದಿನ ಭೇಟಿಯಲ್ಲಿ ವೈದ್ಯೆ ಹೇಳಿದರು. ಹಾಗಾದರೆ ಆ ಪಟ್ಟಿ ಎಲ್ಲಿಂದ ಬಂತು? ನನಗೂ ಕುತೂಹಲ ಹುಟ್ಟಿ ಒಂದಷ್ಟು ಓದಿದೆ. 1967ರಲ್ಲಿ ಎಡ್ಡಾ ಹ್ಯಾನಿಂಗ್ಟನ್ ಎಂಬ ಬ್ರಿಟಿಷ್ ವೈದ್ಯೆ ಟೈರಮಿನ್ ಎಂಬ ಅಂಶ ಕೆಲವರಲ್ಲಿ ಮೈಗ್ರೇನ್ ತರುತ್ತದೆಂದು ಬರೆದರು. ಪ್ರೋಟೀನ್ ಇರುವ ಆಹಾರ ಹಳತಾದಾಗ, ಹುದುಗಿದಾಗ ಅದು ಹೆಚ್ಚಾಗುತ್ತದೆ. ಹಳೆಯ ಚೀಸ್, ಒಣಗಿಸಿದ ಮೀನು, ಮಾಂಸ ಪಟ್ಟಿಗೆ ಸೇರಿದ್ದು ಹೀಗೆ. ಆಮೇಲಿನ ಪರೀಕ್ಷೆಗಳಲ್ಲಿ ಎಲ್ಲರಿಗೂ ಒಂದೇ ಫಲ ಬರಲಿಲ್ಲ. ಆದರೆ ಪಟ್ಟಿ ಮಾತ್ರ ಬೆಳೆಯುತ್ತಲೇ ಹೋಯಿತು.

ಚಾಕಲೇಟಿನ ಕತೆ ಇನ್ನೂ ಸ್ವಾರಸ್ಯ. ಪತಿ ಬರುವಾಗ ತರುವ ಚಾಕಲೇಟ್ ಡಬ್ಬಿಯನ್ನು ನಾನು ಶತ್ರುವಿನಂತೆ ನೋಡುತ್ತಿದ್ದೆ. ಒಂದು ರಾತ್ರಿ ಆಸೆಯಾಗಿ ನಾಲ್ಕು ತಿಂದರೆ ಮರುದಿನ ತಲೆನೋವು ಖಂಡಿತ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಆದರೆ ಮಗಳು ಬೇರೊಂದನ್ನು ಗಮನಿಸಿದ್ದಳು. "ಉಮ್ಮಾ, ನೀನು ಸಂಜೆ ಒಂದೇ ಸಮನೆ ಆಕಳಿಸಲು ಶುರು ಮಾಡಿದರೆ ನಾಳೆ ಮಲಗುತ್ತಿ. ಅದೇ ದಿನ ನಿನಗೆ ಸಿಹಿ ಬೇಕಾಗುತ್ತದೆ" ಎಂದಳು. ವೈದ್ಯೆಗೆ ಇದನ್ನು ಹೇಳಿದಾಗ ಅವರು, "ಮಗಳನ್ನು ಡಾಕ್ಟರ್ ಮಾಡಿ" ಎಂದು ನಕ್ಕರು. ನೋವು ಶುರುವಾಗುವುದಕ್ಕೆ ಕೆಲವು ಗಂಟೆ, ಒಂದೆರಡು ದಿನ ಮೊದಲೇ ಮೆದುಳಿನಲ್ಲಿ ಮೈಗ್ರೇನ್ ಶುರುವಾಗಿರುತ್ತದಂತೆ. ಆಕಳಿಕೆ, ಸಿಡುಕು, ಸಿಹಿಯ ಆಸೆ ಅದರ ಮುನ್ಸೂಚನೆಗಳು. ಅಂದರೆ ಚಾಕಲೇಟ್ ತಿಂದು ನೋವು ಬಂದದ್ದಲ್ಲ, ನೋವು ಹೊರಟಿದ್ದರಿಂದ ಚಾಕಲೇಟ್ ಬೇಕೆನಿಸಿದ್ದು. 1997ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ತಲೆನೋವಿರುವ 63 ಮಹಿಳೆಯರಿಗೆ ಚಾಕಲೇಟನ್ನೂ, ಅದರಂತೆಯೇ ರುಚಿಯಿರುವ ಬೇರೊಂದನ್ನೂ ಯಾವುದೆಂದು ಹೇಳದೆ ತಿನ್ನಿಸಿ ನೋಡಿದ್ದರು. ಚಾಕಲೇಟಿನಿಂದ ಹೆಚ್ಚು ತಲೆನೋವು ಬರಲಿಲ್ಲ. ಈಗ ನಾನು ಹಗಲಿನಲ್ಲಿ, ಊಟವಾದ ಮೇಲೆ ಒಂದು ತಿನ್ನುತ್ತೇನೆ. ಎರಡನೆಯದಕ್ಕೆ ಕೈ ಹೋದರೆ ಮಗಳು ನನ್ನ ಮುಖ ನೋಡುತ್ತಾಳೆ.

ಎಲ್ಲವೂ ನಿರಪರಾಧಿ ಎಂದಲ್ಲ. ಚಹಾದ ವಿಷಯದಲ್ಲಿ ನಾನೇ ತಪ್ಪಿತಸ್ಥೆ. ದಿನಕ್ಕೆ ಐದು ಲೋಟ ಕುಡಿಯುತ್ತಿದ್ದೆ. ಕುಡಿದರೆ ನೋವಿಲ್ಲ, ತಪ್ಪಿದರೆ ನೋವು. ಇದು ಗೊತ್ತಾದದ್ದು ರಮಝಾನಿನಿಂದ. ಪ್ರತಿ ವರ್ಷ ಮೊದಲ ಉಪವಾಸದಂದು ಅಸರ್ ಹೊತ್ತಿಗೆ ನಾನು ಹಾಸಿಗೆ ಹಿಡಿಯುತ್ತಿದ್ದೆ. ನಾನೊಬ್ಬಳೇ ಅಲ್ಲ. "ರಮಝಾನಿನ ಮೊದಲ ದಿನದ ತಲೆನೋವು" ಎಂಬ ಹೆಸರಿನಲ್ಲೇ 1999ರಲ್ಲಿ ಸೌದಿ ಅರೇಬಿಯದ ವೈದ್ಯರು ಲೇಖನ ಪ್ರಕಟಿಸಿದ್ದರು. ಹಠಾತ್ತನೆ ಕಾಫಿ, ಚಹಾ ನಿಲ್ಲುವುದು ಅದಕ್ಕೆ ಮುಖ್ಯ ಕಾರಣವೆಂದು ಅವರೂ ಹೇಳಿದ್ದಾರೆ.

2024ರಲ್ಲಿ ರಮಝಾನ್ ಮಾರ್ಚ್ ತಿಂಗಳ ಸೆಖೆಯಲ್ಲಿ ಬಂತು. ಹದಿನೈದು ದಿನ ಮೊದಲೇ ಚಹಾ ಇಳಿಸತೊಡಗಿದೆ. ಐದು ಮೂರಾಯಿತು, ಮೂರು ಒಂದಾಯಿತು, ಕೊನೆಗೆ ಸಹರಿಯ ಹೊತ್ತಿಗೆ ಅರ್ಧ ಲೋಟ. ಸಹರಿಯನ್ನು ರಾತ್ರಿ ಮಲಗುವ ಮೊದಲೇ ತಿಂದು ಮುಗಿಸುವ ನನ್ನ ಹಳೆಯ ಅಭ್ಯಾಸ ಬಿಟ್ಟು, ಸುಬಹಿಗಿಂತ ಸ್ವಲ್ಪ ಮೊದಲು ಎದ್ದು ಅನ್ನ, ಮೊಟ್ಟೆ, ಖರ್ಜೂರ ತಿಂದು ಎರಡು ಲೋಟ ನೀರು ಕುಡಿದೆ. ಮೊದಲ ದಿನ ನೋವಿಲ್ಲದೆ ಕಳೆದಾಗ ಅಲ್‌ಹಮ್ದುಲಿಲ್ಲಾಹ್ ಎಂದು ಅಡುಗೆಮನೆಯಲ್ಲೇ ಕಣ್ಣೀರು ಬಂತು. ತಿಂಗಳಿನಲ್ಲಿ ಎರಡು ಉಪವಾಸ ಮಾತ್ರ ಅರ್ಧದಲ್ಲಿ ಮುರಿಯಬೇಕಾಯಿತು. ರೋಗಿಗೆ ರಿಯಾಯಿತಿ ಇದೆ ಎಂದು ನಾವೆಲ್ಲ ಬಲ್ಲೆವು, ಇನ್ನೊಬ್ಬರಿಗೆ ಹೇಳುತ್ತೇವೆ ಕೂಡ. ಆದರೆ ಹೊರಗೆ ಗಾಯ ಕಾಣದ ರೋಗಕ್ಕೆ ಅದನ್ನು ಬಳಸಿಕೊಳ್ಳುವಾಗ ಏನೋ ಕಳ್ಳತನ ಮಾಡಿದಂತೆ ನಾಚಿಕೆಯಾಗುತ್ತದೆ. ವಾಂತಿ ಮಾಡಿಕೊಳ್ಳುತ್ತಾ ಬಿದ್ದಿದ್ದ ನನಗೆ ನೀರು ತಂದುಕೊಟ್ಟವರು ಅತ್ತೆಯೇ. "ಖಝಾ ಮಾಡಿದರಾಯಿತು, ಮಾತ್ರೆ ನುಂಗು" ಎಂದರು. ಆ ಎರಡನ್ನೂ ಮಳೆಗಾಲದ ತಂಪಿನಲ್ಲಿ ಹಿಡಿದು ತೀರಿಸಿದೆ.

ಈ ಅತ್ತೆಯ ಬಳಿ ನಾನು ಕ್ಷಮೆ ಕೇಳಿದ್ದೆನೇ? ಕೇಳಿದ್ದೆ, ಆದರೆ ಸುಲಭವಾಗಿರಲಿಲ್ಲ. ಆ ಶನಿವಾರದ ಮರುದಿನ ಅವರು ಹಿಂದಿರುಗಿದಾಗ ಮಸಾಲೆ ಡಬ್ಬಿ ಖಾಲಿಯಾಗಿತ್ತು. "ಮಾಮಿ, ಮಸಾಲೆ ಮಾಡುವಾಗ ನನ್ನನ್ನೂ ಕರೆಯಿರಿ, ಅಳತೆ ಕಲಿಯಬೇಕು" ಎಂದೆ. ಅವರು ಉತ್ತರಿಸದೆ ಒಲೆ ಹಚ್ಚಿ ಬಾಣಲೆ ಇಟ್ಟರು. ಸೋಂಪು ಹುರಿಯುವಾಗ ಮಾತ್ರ, "ಇದು ಕಪ್ಪಾಗಬಾರದು" ಎಂದು ಸೌಟನ್ನು ನನ್ನ ಕೈಗೆ ಕೊಟ್ಟರು.

ಈಗ ಶುಕ್ರವಾರ ಹನ್ನೆರಡೂವರೆಗೆ ಸರಿಯಾಗಿ ಅವರೇ ಒಂದು ಬಟ್ಟಲು ಅನ್ನ ಸಾರು ನನ್ನ ಮುಂದಿಡುತ್ತಾರೆ. ಒಮ್ಮೆ ಪಕ್ಕದ ಮನೆಯಾಕೆ ಕಂಡು, "ಗಂಡಸರು ಪಳ್ಳಿಯಿಂದ ಬರುವ ಮೊದಲೇ ಊಟವಾ?" ಎಂದು ಹುಬ್ಬೇರಿಸಿದರು. "ಅವಳಿಗೆ ಅದು ಮದ್ದು" ಎಂದು ಅತ್ತೆ ಥಟ್ಟನೆ ಉತ್ತರಿಸಿದರು. ಮದುವೆಯ ದಿನ ಬಾರದ ಉತ್ತರ ಅಂದು ಬಂತು.

ತಿಂಗಳಿಗೆ ಒಂದೋ ಎರಡೋ ಸಲ ನೋವು ಈಗಲೂ ಬರುತ್ತದೆ, ಹೆಚ್ಚಾಗಿ ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ. ಅದಕ್ಕೆ ಯಾವ ಬಟ್ಟಲನ್ನೂ ದೂರುವಂತಿಲ್ಲ. ಅಂಗಡಿಯ ಗೋಬಿ ಮಂಚೂರಿಯನ್ನು ಮೂರು ಸಲ ಪರೀಕ್ಷಿಸಿದೆ, ಒಂದು ಸಲ ಮಾತ್ರ ನೋವು ಬಂತು, ಅದೂ ಪೇಟೆ ಸುತ್ತಿ ಹಸಿದಿದ್ದ ದಿನ. ಹಾಗಾಗಿ ಅಜಿನೊಮೊಟೊ ಮೇಲೆ ಆರೋಪ ಹೊರಿಸಿಲ್ಲ. ಉಳಿದಿರುವುದು ಒಣಮೀನು. ಮೂರರಲ್ಲಿ ಎರಡು ಸಲ ತಲೆ ಹಿಡಿದಿದೆ. ಆದರೆ ಆ ಎರಡೂ ದಿನ ನಿದ್ರೆ ಕೆಟ್ಟಿತ್ತು ಎಂದು ನೋಟ್‌ಬುಕ್ ಹೇಳುತ್ತಿದೆ. ಜೂನ್ ಒಂದರಿಂದ ಯಾಂತ್ರಿಕ ದೋಣಿಗಳು ಎರಡು ತಿಂಗಳು ಕಡಲಿಗಿಳಿಯುವುದಿಲ್ಲ, ಆಗ ಮನೆಯಲ್ಲಿ ಹೇಗೂ ಒಣಮೀನಿನ ಚಟ್ನಿ ಇರುತ್ತದೆ. ಚೆನ್ನಾಗಿ ನಿದ್ರಿಸಿದ ಒಂದು ದಿನ ನೋಡಿ, ಹನ್ನೆರಡೂವರೆಗೆ, ಗಂಜಿಯ ಜೊತೆ ಇನ್ನೊಮ್ಮೆ ತಿಂದು ನೋಡಬೇಕೆಂದಿದ್ದೇನೆ.